ಉಗುರು ಬಣ್ಣದ ಬಾಳಿಕೆ

ಕೃತಕ ಉಗುರು ಅಂಟಿಸಿಕೊಳ್ಳದೆ, ಸಹಜ ಉಗುರಿಗೇ ನೇರವಾಗಿ ಹಚ್ಚಿದ ನೇಲ್ ಪಾಲಿಶ್ ಹಕ್ಕಳೆ ಏಳದೆ, ತುದಿ ಸವೆಯದೆ, ಹೊಳಪು ಮಾಸದೆ ಉಳಿಯುವ ಅವಧಿಯೇ ಅದರ ಬಾಳಿಕೆ. ಸೀಸೆ ತೆರೆದು ಬರಿಯ ಬಣ್ಣವನ್ನಷ್ಟೇ ಬಳಿದುಕೊಂಡರೆ ಸಾಮಾನ್ಯವಾಗಿ ಎರಡು ಮೂರು ದಿನ ಬರುತ್ತದೆ. ಉಗುರನ್ನು ಹದಗೊಳಿಸಿ, ಅಡಿಗೆ ಬೇಸ್ ಕೋಟ್, ಮೇಲೆ ಟಾಪ್ ಕೋಟ್ ಹಾಕಿದರೆ ಐದರಿಂದ ಏಳು ದಿನ. ದೀಪದ ಕೆಳಗೆ ಗಟ್ಟಿಮಾಡುವ ಜೆಲ್ ಬಣ್ಣ ಎರಡು ವಾರ ನಿಲ್ಲುತ್ತದೆ. ಈ ಅಂತರವನ್ನು ಅಂಗಡಿಯವರೂ ಕೊಳ್ಳುವವರೂ ಬ್ರಾಂಡಿನ ಲೆಕ್ಕಕ್ಕೆ ಹಾಕುವುದುಂಟು. ಆದರೆ ಒಂದೇ ಸೀಸೆಯ ಬಣ್ಣ ಅಕ್ಕನ ಕೈಯಲ್ಲಿ ವಾರ ಬಾಳಿ, ತಂಗಿಯ ಕೈಯಲ್ಲಿ ಮಾರನೆಯ ದಿನವೇ ಏಳುವುದನ್ನು ಕಂಡವರಿಗೆ ಆ ಲೆಕ್ಕ ಪೂರ್ತಿ ಸರಿಯಲ್ಲವೆಂದು ಗೊತ್ತು. ಬಾಳಿಕೆಯ ಬಹುಪಾಲು ತೀರ್ಮಾನವಾಗುವುದು ಬಣ್ಣದ ಕೆಳಗೆ, ಉಗುರಿನಲ್ಲಿ. ಅದರಲ್ಲಿ ಎಷ್ಟು ನೀರಿದೆ, ಅದರ ಮೇಲೆ ಎಷ್ಟು ಎಣ್ಣೆಯಿದೆ ಎಂಬುದರ ಮೇಲೆ.

ಬಣ್ಣ ಕೂರುವ ನೆಲ

ಉಗುರಿನ ಕಾಣುವ ಭಾಗ ಸತ್ತ ಕೋಶಗಳ ಹಾಳೆ. ಕೂದಲು, ಕೊಂಬು, ಗೊರಸುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರಲ್ಲೂ ಇರುವುದು. ಕೈಬೆರಳಿನ ಉಗುರು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಅದು ಮೂರು ಪದರ. ನಡುವಿನ ಪದರದ ಎಳೆಗಳು ಅಡ್ಡಡ್ಡಲಾಗಿ ಹಾಯ್ದಿರುತ್ತವೆ. ಉಗುರು ಸಾಮಾನ್ಯವಾಗಿ ಉದ್ದಕ್ಕೆ ಸೀಳದೆ ಅಡ್ಡಕ್ಕೆ ಹರಿಯುವುದು ಇದರಿಂದಲೇ.

ನೋಡಲು ಕಲ್ಲಿನಂತಿದ್ದರೂ ಉಗುರು ನೀರು ಕುಡಿಯುತ್ತದೆ, ಅದೂ ಚರ್ಮಕ್ಕಿಂತ ಬೇಗ. ಬಟ್ಟೆ ಒಗೆದು ಎದ್ದ ಮೇಲೆ, ಇಲ್ಲವೇ ತಲೆಗೆ ನೀರೆರೆದುಕೊಂಡ ಮೇಲೆ ಉಗುರಿನ ತುದಿ ಒತ್ತಿದರೆ ಬಾಗುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಒಳಸೇರಿದಾಗ ಉಗುರು ಮುಖ್ಯವಾಗಿ ದಪ್ಪದಲ್ಲಿ ಉಬ್ಬುತ್ತದೆ, ಅದರ ಬಾಗು ತುಸು ಸಡಿಲವಾಗಿ ಚಪ್ಪಟೆಯಾಗುತ್ತದೆ. ಆರಿದಾಗ ಮತ್ತೆ ಕುಗ್ಗಿ ತನ್ನ ಕಮಾನಿಗೆ ಮರಳುತ್ತದೆ. ಮೇಲೆ ಕೂತ ಬಣ್ಣದ ಪೊರೆಗೆ ಈ ಏರಿಳಿತವಿಲ್ಲ. ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ಮುನ್ನ ತೇವದ ಗೋಡೆಗೆ ಪೇಂಟ್ ಹೊಡೆಸಿದವರು ಬೇಸಿಗೆಯಲ್ಲಿ ಏನು ಕಾಣುತ್ತಾರೋ, ನೆನೆದ ಉಗುರಿಗೆ ಬಣ್ಣ ಹಚ್ಚಿದವರು ಮಾರನೆಯ ದಿನ ಅದನ್ನೇ ಕಾಣುತ್ತಾರೆ. ಗೋಡೆಯಾದರೂ ನಿಂತಲ್ಲಿ ನಿಂತಿರುತ್ತದೆ. ಉಗುರು ದಿನಕ್ಕೆ ಹತ್ತಾರು ಸಲ ನೆನೆದು ಆರುತ್ತದೆ, ಗುಂಡಿ ಹಾಕುವಾಗ, ಡಬ್ಬಿಯ ಮುಚ್ಚಳ ಎಬ್ಬಿಸುವಾಗ ಬಾಗುತ್ತದೆ, ಅದರ ಮೇಲೆ ತಿಂಗಳಿಗೆ ಸುಮಾರು 3 ಮಿಲಿಮೀಟರ್‌ನಂತೆ ಮುಂದಕ್ಕೂ ಸಾಗುತ್ತದೆ.

ಈ ಕೊನೆಯ ಸಂಗತಿಯನ್ನು ಮರೆತು ಬಾಳಿಕೆಯ ಮಾತಾಡುವವರೇ ಹೆಚ್ಚು. ಒಂದಿಷ್ಟೂ ಚಕ್ಕೆ ಏಳದೆ ಬಣ್ಣ ನಿಂತಿತೆಂದೇ ಇಟ್ಟುಕೊಳ್ಳೋಣ. ಹತ್ತು ದಿನಕ್ಕೆ ಬುಡದಲ್ಲಿ ಒಂದು ಮಿಲಿಮೀಟರ್ ಬರಿಯ ಉಗುರು ಇಣುಕುತ್ತದೆ. ಎರಡು ವಾರಕ್ಕೆ ಅದು ದೂರದಿಂದಲೂ ಕಾಣುತ್ತದೆ. ಎಂಥ ಬಣ್ಣ ತಂದರೂ ಈ ಮಿತಿಯನ್ನು ದಾಟುವಂತಿಲ್ಲ. ನಡುಬೆರಳಿನ ಉಗುರು ಬೇಗ ಬೆಳೆಯುತ್ತದೆ, ಕಿರುಬೆರಳಿನದು ನಿಧಾನ. ಕಾಲಿನ ಉಗುರಿನ ವೇಗ ಕೈಯದರ ಅರ್ಧದಷ್ಟು. ಕಾಲಿಗೆ ಹಚ್ಚಿದ್ದು ತಿಂಗಳುಗಟ್ಟಲೆ ಉಳಿಯುವುದಕ್ಕೆ ಇದೊಂದು ಕಾರಣ. ಕಾಲು ಪಾತ್ರೆ ತೊಳೆಯುವುದಿಲ್ಲ ಎಂಬುದು ಇನ್ನೊಂದು.

ಒಳಗಿಳಿಯುವ ಬಣ್ಣ

ಉಗುರಿನ ಮೇಲೆ ಕೂರುವ ಬಣ್ಣದ ಸಂಕಷ್ಟ ಅರ್ಥವಾಗಬೇಕಾದರೆ ಉಗುರಿನೊಳಗೆ ಇಳಿಯುವ ಬಣ್ಣವನ್ನು ಮೊದಲು ನೋಡಬೇಕು. ಹಳೆ ಮೈಸೂರಿನ ಕಡೆ ಗೋರಂಟಿ, ಕರಾವಳಿಯ ಕಡೆ ಮದರಂಗಿ, ಈಚೆಗೆ ಎಲ್ಲೆಡೆ ಮೆಹಂದಿ ಎನಿಸಿಕೊಂಡ ಸೊಪ್ಪಿನಲ್ಲಿ ಲಾಸೋನ್ ಎಂಬ ವರ್ಣವಸ್ತುವಿದೆ. ಅರೆದು ಮೆತ್ತಿ ರಾತ್ರಿಯಿಡೀ ಬಿಟ್ಟರೆ ಅದು ಕೆರಾಟಿನ್‌ನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅಂಗೈಯ ಕೆಂಪು ಒಂದೆರಡು ವಾರದಲ್ಲಿ ಚರ್ಮದೊಂದಿಗೆ ಸವೆದು ಹೋದರೂ ಉಗುರಿನ ಕೆಂಪು ಹೋಗುವುದಿಲ್ಲ; ಉಗುರು ಬೆಳೆದಂತೆ ಬುಡದಿಂದ ಮೇಲೇರಿ, ಕೊನೆಗೆ ಕತ್ತರಿಗೆ ಸಿಕ್ಕಿ ಮುಗಿಯುತ್ತದೆ. ಆಷಾಢದಲ್ಲಿ ಹಚ್ಚಿಕೊಂಡ ಗೋರಂಟಿಯ ಕೆಂಪು ತುದಿ ದೀಪಾವಳಿಯ ಹೊತ್ತಿಗೂ ಉಗುರಿನಂಚಿನಲ್ಲಿ ಅರ್ಧಚಂದ್ರದಂತೆ ಉಳಿದಿರುತ್ತದೆ. ಚಕ್ಕೆ ಏಳಲು ಇಲ್ಲಿ ಪೊರೆಯೇ ಇಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವುಜೂ ಮಾಡುವಾಗ ನೀರು ಉಗುರನ್ನು ಮುಟ್ಟಬೇಕೆಂಬ ಕಾರಣಕ್ಕೆ ಅನೇಕ ಮುಸ್ಲಿಂ ಮಹಿಳೆಯರು ನೇಲ್ ಪಾಲಿಶ್ ಬಿಟ್ಟು ಮೆಹಂದಿಯನ್ನು ಆರಿಸುವುದೂ ಇದರಿಂದಲೇ.

ಕೊರಿಯಾದಲ್ಲಿ ಇದೇ ಕೆಲಸಕ್ಕೆ ಕರ್ಣಕುಂಡಲದ ಹೂವನ್ನು, ನಮ್ಮಲ್ಲಿ ಗೌರಿ ಹೂವೆಂದೂ ಕರೆಯುವ ಅದೇ ಗಿಡದ ಹೂವನ್ನು, ಪಟಿಕದೊಂದಿಗೆ ಅರೆದು ಉಗುರಿಗೆ ಕಟ್ಟುತ್ತಾರೆ. ಹಚ್ಚಿದ ಬಣ್ಣ ಮೊದಲ ಹಿಮ ಬೀಳುವವರೆಗೆ ಉಗುರಿನಲ್ಲಿ ಉಳಿದರೆ ಮೊದಲ ಪ್ರೀತಿ ಕೈಗೂಡುತ್ತದೆ ಎಂಬ ನಂಬಿಕೆ ಅಲ್ಲಿನದು. ನಮ್ಮಲ್ಲಿ ಗೋರಂಟಿ ಎಷ್ಟು ಕೆಂಪಾಯಿತು ಎಂದು ನೋಡಿ ಗಂಡನ ಪ್ರೀತಿ ಅಳೆಯುವುದುಂಟು. ಅಲ್ಲಿ ಬಾಳಿಕೆ, ಇಲ್ಲಿ ಗಾಢತೆ. ಉಗುರಿನ ಮೇಲೆ ಹೊರಿಸಿದ ಹೊಣೆ ಮಾತ್ರ ಒಂದೇ.

ಬಾಳಿಕೆಯಲ್ಲಿ ನೇಲ್ ಪಾಲಿಶನ್ನು ಮೀರಿಸುವ ಇನ್ನೊಂದು ಉಗುರು ಬಣ್ಣ ಕರ್ನಾಟಕದಲ್ಲೇ ತಯಾರಾಗುತ್ತದೆ. ಅದನ್ನು ಯಾರೂ ಸೌಂದರ್ಯವರ್ಧಕವೆಂದು ಕರೆಯುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಪೇಂಟ್ ಕಾರ್ಖಾನೆಯಾಗಿ ಆರಂಭವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಸಂಸ್ಥೆ 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಎಡಗೈ ತೋರುಬೆರಳಿಗೆ ಹಾಕುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಗುರುತು ಕೆಲವು ದಿನದಲ್ಲಿ ಹೋದರೂ ಉಗುರಿನದು ವಾರಗಟ್ಟಲೆ ನಿಲ್ಲುತ್ತದೆ. ಇಲ್ಲೊಂದು ಸಣ್ಣ ವಿಚಾರ ಗಮನಿಸಬೇಕು. ಶಾಯಿ ಹಾಕುವ ಮುನ್ನ ಬೆರಳಿಗೆ ಎಣ್ಣೆ ಜಿಡ್ಡು ಸವರಿಕೊಂಡಿಲ್ಲವೇ ಎಂದು ನೋಡಬೇಕು, ಸವರಿಕೊಂಡಿದ್ದರೆ ಬಟ್ಟೆಯಿಂದ ಒರೆಸಿ ಹಾಕಬೇಕು ಎಂದು ಮತಗಟ್ಟೆ ಅಧಿಕಾರಿಗಳಿಗೆ ಸೂಚನೆಯಿದೆ. ಸಿಲ್ವರ್ ನೈಟ್ರೇಟಿನಂಥ ಜಿಗುಟು ವಸ್ತುವಿಗೇ ಜಿಡ್ಡಿನ ಭಯವಿದ್ದರೆ ನೇಲ್ ಪಾಲಿಶ್‌ನ ಪಾಡೇನು!

ಸೀಸೆಯೊಳಗೆ

ದ್ರವ ರೂಪದ ಉಗುರು ಬಣ್ಣ ಬರುವ ಮುನ್ನ ಪಾಶ್ಚಾತ್ಯ ದೇಶಗಳಲ್ಲಿ ಉಗುರಿಗೆ ಪುಡಿ ಹಾಕಿ ಮೆತ್ತನೆಯ ತೊಗಲಿನಿಂದ ಉಜ್ಜಿ ಮಿನುಗಿಸುತ್ತಿದ್ದರು. ಪಾಲಿಶ್ ಎಂಬ ಮಾತು ಆ ಉಜ್ಜುವಿಕೆಯ ಉಳಿಕೆ. ಈಗ ಸೀಸೆಯಲ್ಲಿರುವುದು ಪಾಲಿಶ್ ಅಲ್ಲವೇ ಅಲ್ಲ, ಮೆರುಗೆಣ್ಣೆ. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯ ನಾರನ್ನು ಆಮ್ಲಗಳಿಂದ ಮಾರ್ಪಡಿಸಿ ಪಡೆಯುವ ಈ ವಸ್ತುವನ್ನು 1846ರಲ್ಲಿ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಪ್ರಚುರಪಡಿಸಿದಾಗ ಅದು ಸಿಡಿಮದ್ದಾಗಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಇದನ್ನೇ ಬಳಸಿ ಡ್ಯುಕೊ ಎಂಬ ಬೇಗ ಒಣಗುವ ಕಾರು ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಕ್ಯೂಟೆಕ್ಸ್ ಕಂಪನಿಯ ದ್ರವ ಉಗುರು ಬಣ್ಣ 1917ರಲ್ಲೇ ಬಂದಿತ್ತು. ಆದರೆ ಅದು ತೆಳ್ಳಗೆ, ಹಿಂದಿನದು ಕಾಣುವಂತೆ ಇರುತ್ತಿತ್ತು. ಉಗುರನ್ನು ಪೂರ್ತಿ ಮುಚ್ಚುವ ಗಟ್ಟಿ ಬಣ್ಣವನ್ನು ಜನಪ್ರಿಯಗೊಳಿಸಿದ್ದು 1932ರಲ್ಲಿ ಚಾರ್ಲ್ಸ್ ಮತ್ತು ಜೋಸೆಫ್ ರೆವ್ಸನ್ ಸಹೋದರರು ಚಾರ್ಲ್ಸ್ ಲಾಕ್‌ಮನ್ ಜೊತೆ ಸೇರಿ ಕಟ್ಟಿದ ರೆವ್ಲಾನ್. ಭಾರತದಲ್ಲಿ ಟಾಟಾ ಸಮೂಹ 1952ರಲ್ಲಿ ಲ್ಯಾಕ್ಮೆ ಆರಂಭಿಸಿದ ಮೇಲೆ ನೇಲ್ ಪಾಲಿಶ್ ಸೀಸೆ ನಿಧಾನವಾಗಿ ಮಧ್ಯಮ ವರ್ಗದ ಮನೆಯ ಕನ್ನಡಿ ಕಪಾಟಿಗೆ ಬಂತು.

ದ್ರವ ಬಣ್ಣದ ಆರಂಭದ ಕಾಲದ ಒಂದು ಫ್ಯಾಶನ್ ಬಾಳಿಕೆಯ ದೃಷ್ಟಿಯಿಂದ ಕುತೂಹಲಕರ. 1920–30ರ ದಶಕಗಳಲ್ಲಿ ಬುಡದ ಬಿಳಿಯ ಅರ್ಧಚಂದ್ರವನ್ನೂ ಉಗುರಿನ ತುದಿಯನ್ನೂ ಬಿಟ್ಟು ನಡುವಿಗಷ್ಟೇ ಬಣ್ಣ ಹಚ್ಚುತ್ತಿದ್ದರು. ಸೊಗಸಿಗೆಂದು ಬಂದ ರೂಢಿ ಅದು. ಆದರೆ ಬಣ್ಣ ಮೊದಲು ಏಳುವುದು ತುದಿಯಲ್ಲಿ, ಬೆಳವಣಿಗೆ ಮೊದಲು ಕಾಣುವುದು ಬುಡದಲ್ಲಿ. ಆ ಎರಡನ್ನೂ ಬಿಟ್ಟವರ ಬಣ್ಣ ಹೆಚ್ಚು ದಿನ ಹೊಸದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ನೈಟ್ರೋಸೆಲ್ಯುಲೋಸ್ ಒಂದೇ ಇದ್ದರೆ ಪೊರೆ ಗಡುಸಾಗಿ, ಹೊಳೆಯುತ್ತಾ, ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಅದಕ್ಕೆ ಅಂಟು ಕೊಡಲು ಒಂದು ರಾಳ, ಬಾಗುವ ಗುಣ ಕೊಡಲು ಒಂದು ಮೃದುಕಾರಿ ಬೆರೆಸುತ್ತಾರೆ. ಬಹುಕಾಲ ಮೃದುಕಾರಿಯಾಗಿದ್ದ ಡೈಬ್ಯುಟೈಲ್ ಥ್ಯಾಲೇಟನ್ನು ಐರೋಪ್ಯ ಒಕ್ಕೂಟ 2004ರಲ್ಲಿ ಪ್ರಸಾಧನಗಳಿಂದ ಹೊರಹಾಕಿತು. ಅದರ ಜಾಗಕ್ಕೆ ಸಿಟ್ರೇಟ್ ಬಗೆಯ ಮೃದುಕಾರಿಗಳು ಬಂದವು. ಕರ್ಪೂರವೂ ಮೃದುಕಾರಿಯೇ; ಕೆಲವು ಸೀಸೆ ತೆರೆದಾಗ ದೇವರ ಮನೆಯ ವಾಸನೆ ಸುಳಿಯುವುದು ಇದಕ್ಕೆ. ಬಣ್ಣದ ಪುಡಿ ತಳಕ್ಕೆ ಕೂರದಂತೆ ಹಿಡಿಯಲು ವಿಶೇಷ ಜೇಡಿಮಣ್ಣು, ಮುತ್ತಿನ ಹೊಳಪಿಗೆ ಅಭ್ರಕ ಸೇರುತ್ತವೆ. ಇವೆಲ್ಲವನ್ನೂ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಮೊದಲನೆಯದು 77 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವಂಥದ್ದು, ಬೇಗ ಹಾರುತ್ತದೆ. ಎರಡನೆಯದು ಕುದಿಯುವುದು 126 ಡಿಗ್ರಿಗೆ, ಅದು ನಿಧಾನ. ಬೇಗ ಹಾರುವುದರಿಂದ ಬಣ್ಣ ಒಣಗಿದಂತೆ ಕಾಣುತ್ತದೆ. ನಿಧಾನದ್ದು ಒಳಗೇ ಉಳಿದು ಬಣ್ಣ ಸಮವಾಗಿ ಹರಡಲು ನೆರವಾಗುತ್ತದೆ. ಮುಟ್ಟಿದರೆ ಅಂಟದಿರುವುದಕ್ಕೂ ನಿಜವಾಗಿ ಗಟ್ಟಿಯಾಗುವುದಕ್ಕೂ ನಡುವೆ ಗಂಟೆಗಳ ಅಂತರವಿದೆ. ಹತ್ತು ಗಂಟೆಗೆ ಹಚ್ಚಿಕೊಂಡು, ಒಣಗಿತೆಂದು ಮಲಗಿ, ಬೆಳಗ್ಗೆ ನೋಡಿದರೆ ಉಗುರಿನ ಮೇಲೆ ಹೊದಿಕೆಯ ನೇಯ್ಗೆಯ ಅಚ್ಚು ಮೂಡಿರುವುದು ಈ ಅಂತರದ ಸಾಕ್ಷಿ.

ಬೇಸ್ ಕೋಟ್, ಬಣ್ಣ, ಟಾಪ್ ಕೋಟ್ ಮೂರೂ ಇದೇ ಸಾಮಗ್ರಿಯ ಬೇರೆ ಬೇರೆ ಹದ. ಬೇಸ್ ಕೋಟಿನಲ್ಲಿ ಅಂಟುವ ರಾಳ ಹೆಚ್ಚು, ಹೀಗಾಗಿ ಅದು ಒಣಗಿದರೂ ತುಸು ಜಿಗುಟಾಗಿರುತ್ತದೆ. ಟಾಪ್ ಕೋಟಿನಲ್ಲಿ ಗಡುಸು ಪೊರೆ ಕಟ್ಟುವ ವಸ್ತು ಹೆಚ್ಚು, ಬಣ್ಣದ ಪುಡಿ ಇಲ್ಲ. ಎರಡೂ ಒಂದೇ ಎಂದು ಮಾರುವ ಸೀಸೆಗಳಿವೆ. ಅಂಟು ಮತ್ತು ಗಡುಸು ಎರಡರಲ್ಲೂ ಅರ್ಧಂಬರ್ಧ ಸಾಧಿಸುವ ಇಂಥವುಗಳ ಮೇಲೆ ಈ ಲೇಖನಕ್ಕೆ ಹೆಚ್ಚು ಭರವಸೆಯಿಲ್ಲ.

ಹಚ್ಚುವ ಮುನ್ನ

ಭಾನುವಾರ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಬಿಸಿನೀರಿನಲ್ಲಿ ಮಿಂದು, ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಈಗ ಬಿಡುವಾಯಿತೆಂದು ಸೀಸೆ ಹಿಡಿದು ಕೂರುವುದು ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯ. ಬಣ್ಣ ಹಚ್ಚಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಉಗುರು ನೀರು ಕುಡಿದು ಉಬ್ಬಿರುತ್ತದೆ, ಅದರ ಸಂದಿಗೊಂದಿಗಳಲ್ಲಿ ಎಣ್ಣೆ ಕೂತಿರುತ್ತದೆ. ಸ್ನಾನ, ಪಾತ್ರೆ ಆಗಿ ಒಂದೆರಡು ಗಂಟೆಯಾದರೂ ಕಳೆಯಬೇಕು. ಪಾರ್ಲರುಗಳಲ್ಲಿ ಮೆನಿಕ್ಯೂರ್ ಎಂದರೆ ಬೆಚ್ಚನೆಯ ಸಾಬೂನು ನೀರಿನ ಬೋಗುಣಿಯಲ್ಲಿ ಬೆರಳು ಅದ್ದುವುದೇ ಮೊದಲ ಹೆಜ್ಜೆ. ಚರ್ಮಕ್ಕೆ ಹಿತ, ಬಣ್ಣಕ್ಕಲ್ಲ. ಬಣ್ಣ ನಿಲ್ಲಬೇಕೆನ್ನುವವರು ನೀರಿಲ್ಲದ ಮೆನಿಕ್ಯೂರ್ ಕೇಳಿ ಮಾಡಿಸಿಕೊಳ್ಳುವುದು ಈಚೆಗೆ ಹೆಚ್ಚಿದೆ.

ಜಿಡ್ಡಿನ ಮೇಲೆ ಬಣ್ಣ ಹೇಗೆ ಕೂರುತ್ತದೆಂದು ನೋಡಲು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಬಹುದು. ಎಲೆಯ ಪತ್ರರಂಧ್ರಗಳನ್ನು ತೋರಿಸಲು ಅಲ್ಲಿ ಎಲೆಯ ಅಡಿಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುತ್ತಾರೆ. ಒಣಗಿದ ಮೇಲೆ ಸೆಲೋಟೇಪ್ ಅಂಟಿಸಿ ಎತ್ತಿದರೆ ಇಡೀ ಪೊರೆ ಎಲೆಯ ಅಚ್ಚನ್ನು ಹೊತ್ತು ಒಂದೇ ಸಲಕ್ಕೆ ಕಿತ್ತು ಬರುತ್ತದೆ. ಎಲೆಯ ಮೈಮೇಲೆ ಮೇಣವಿರುವುದರಿಂದ ಅದು ಸಲೀಸು. ಹ್ಯಾಂಡ್ ಕ್ರೀಮ್ ಸವರಿದ ಉಗುರಿನ ಮೇಲೂ ಅದೇ ಪೊರೆ, ಅದೇ ಸಲೀಸು.

ಆದ್ದರಿಂದ ಹಳೆಯ ಬಣ್ಣ ಇರಲಿ, ಇಲ್ಲದಿರಲಿ, ಹಚ್ಚುವ ಕ್ಷಣದ ಮುಂಚೆ ಪ್ರತಿ ಉಗುರನ್ನೂ ರಿಮೂವರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಬುಡದಿಂದ ತುದಿಯವರೆಗೆ, ಎರಡೂ ಬದಿಯ ಸಂದಿ ಸೇರಿಸಿ, ಒರೆಸಬೇಕು. ರಿಮೂವರಿನಲ್ಲಿ ಎಣ್ಣೆ ಅಥವಾ ಗ್ಲಿಸರಿನ್ ಬೆರೆಸಿದ ಬಗೆಗಳಿವೆ. ತೆಗೆಯಲು ಅವು ಒಳ್ಳೆಯವು, ಹಚ್ಚುವ ಮುನ್ನ ಒರೆಸಲು ಬೇಡ. ಒರೆಸಿದ ಉಗುರು ಹೊಳಪಿಲ್ಲದೆ ತುಸು ಬೆಳ್ಳಗೆ ಕಾಣಬೇಕು. ಆಮೇಲೆ ಆ ಬೆರಳನ್ನು ಮುಖಕ್ಕೆ, ಕೂದಲಿಗೆ ತಾಗಿಸಬಾರದು. ನೆಟ್ಟಗೆ ಕೂರುವವರಿಗೆ ಇದು ಸುಲಭ. ಜಡೆ ಮುಂದಕ್ಕೆ ಹಾಕಿಕೊಂಡು ಆಡುವ ಅಭ್ಯಾಸವಿದ್ದವರಿಗೆ ಕಷ್ಟ.

ಬುಡದ ಚರ್ಮದ ವಿಚಾರದಲ್ಲಿ ಎರಡನ್ನು ಬೇರೆಯಾಗಿ ನೋಡಬೇಕು. ಉಗುರಿನ ಮೇಲೆ ಅಂಟಿಕೊಂಡು ಮುಂದಕ್ಕೆ ಬರುವ ತೆಳು ಸತ್ತ ಪೊರೆ ಒಂದು. ಅದರ ಮೇಲೆ ಬಣ್ಣ ಬಿದ್ದರೆ ಪೊರೆಯೊಂದಿಗೇ ಎದ್ದುಹೋಗುತ್ತದೆ. ಅದನ್ನು ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ ಒರೆಸಬೇಕು. ಅದರ ಹಿಂದಿನ ಜೀವಂತ ಮಡಿಕೆ ಇನ್ನೊಂದು. ಅದು ಬೆಳೆಯುವ ಉಗುರಿಗೆ ಬಾಗಿಲು ಹಾಕಿದಂತಿರುತ್ತದೆ. ಅದನ್ನು ಕತ್ತರಿಸಿದರೆ ಸೋಂಕು ಒಳಹೊಕ್ಕು ಉಗುರುಸುತ್ತು ಆಗಬಹುದು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡಿದವರಿಗೆ ಆ ನೋವನ್ನು ವಿವರಿಸಬೇಕಿಲ್ಲ.

ತುದಿಯನ್ನು ನಯವಾದ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ, ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಮೂಲೆ ಸೆರಗಿಗೋ ಕೂದಲಿಗೋ ಸಿಕ್ಕಿದಾಗ ಬಣ್ಣದ ಮೊದಲ ಬಿರುಕು ಅಲ್ಲೇ ಹುಟ್ಟುತ್ತದೆ. ಮೇಲ್ಮೈಯನ್ನು ಉಜ್ಜಿ ಒರಟು ಮಾಡಿದರೆ ಬಣ್ಣ ಹಿಡಿಯುತ್ತದೆಂಬ ಸಲಹೆ ಚಾಲ್ತಿಯಲ್ಲಿದೆ. ಅರ್ಧ ಮಿಲಿಮೀಟರ್ ಹಾಳೆಯನ್ನು ವಾರವಾರ ಸವೆಸುತ್ತಾ ಹೋದರೆ ಉಳಿಯುವ ತೆಳು ಉಗುರು ಇನ್ನಷ್ಟು ಬಾಗುತ್ತದೆ, ಬಣ್ಣ ಇನ್ನಷ್ಟು ಬೇಗ ಏಳುತ್ತದೆ. ಲಾಭಕ್ಕಿಂತ ನಷ್ಟ ದೊಡ್ಡದು.

ಒಂದು ಉಗುರು

ಸೀಸೆಯನ್ನು ಅಲುಗಾಡಿಸುವುದಕ್ಕಿಂತ ಎರಡು ಅಂಗೈಗಳ ನಡುವೆ ಕಡೆಗೋಲಿನಂತೆ ಉರುಳಿಸುವುದು ಬಲ್ಲವರ ರೂಢಿ. ಫ್ಯಾನ್ ಆರಿಸಬೇಕು. ಗಾಳಿಗೆ ಮೇಲಿನ ಪೊರೆ ಬೇಗ ಬಿಗಿದು, ಒಳಗಿನ ದ್ರಾವಕ ಹೊರಬರಲು ದಾರಿಯಿಲ್ಲದೆ ಗುಳ್ಳೆಯೇಳುತ್ತದೆ.

ಬೇಸ್ ಕೋಟ್ ತೆಳ್ಳಗೆ ಹಚ್ಚಿ ಒಂದೆರಡು ನಿಮಿಷ ಬಿಟ್ಟ ಮೇಲೆ, ಬಣ್ಣದ ಬ್ರಶ್ ಎತ್ತಿ ಅದರ ಒಂದು ಮಗ್ಗುಲನ್ನು ಸೀಸೆಯ ಬಾಯಿಗೆ ಒರೆಸಿ, ಇನ್ನೊಂದು ಮಗ್ಗುಲಲ್ಲಿ ಒಂದು ಹನಿಯಷ್ಟೇ ಉಳಿಸಿಕೊಳ್ಳಬೇಕು. ಹನಿಯನ್ನು ಬುಡದ ಚರ್ಮಕ್ಕೆ ತಾಗಿಸದೆ ಕೂದಲೆಳೆಯಷ್ಟು ಜಾಗ ಬಿಟ್ಟು ಇಳಿಸಿ, ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಅದೇ ಕಮಾನಿನಂತೆ ಹರಡಿಕೊಳ್ಳುತ್ತದೆ. ನಡುವೆ ಒಂದು ಎಳೆತ, ಎಡಕ್ಕೊಂದು, ಬಲಕ್ಕೊಂದು, ಮೂರರಲ್ಲಿ ಮುಗಿಯಬೇಕು. ಮೊದಲ ಕೈ ಪಟ್ಟೆ ಪಟ್ಟೆಯಾಗಿ, ಅಸಹ್ಯವಾಗಿ ಕಾಣುತ್ತದೆ. ತಿದ್ದಲು ಹೋಗಬಾರದು, ಅರೆಬರೆ ಒಣಗಿದ ಪೊರೆಯನ್ನು ಬ್ರಶ್ ಎಳೆದು ಗಂಟುಗಟ್ಟಿಸುತ್ತದೆ. ಕೊನೆಗೆ ಬ್ರಶ್ಶನ್ನು ಅಡ್ಡ ಹಿಡಿದು ಉಗುರಿನ ಅಂಚಿನ ದಪ್ಪಕ್ಕೂ ಒಂದು ಗೆರೆ ಎಳೆಯಬೇಕು. ಸೀರೆಯ ಅಂಚು ಮಡಿಚಿ ಹೊಲಿದಂತೆ ಇದು. ಹೊಲಿಯದ ಅಂಚಿನಿಂದ ನೂಲು ಬಿಟ್ಟುಕೊಳ್ಳುವ ಹಾಗೆ, ಮುಚ್ಚದ ತುದಿಯಿಂದ ನೀರು ಬಣ್ಣದ ಅಡಿಗೆ ನುಗ್ಗುತ್ತದೆ.

ಎರಡು ಮೂರು ನಿಮಿಷ ಬಿಟ್ಟು ಎರಡನೆಯ ಕೈ. ತಿಳಿ ಬಣ್ಣಗಳಿಗೆ ಮೂರನೆಯದೂ ಬೇಕಾಗಬಹುದು. ಮೂರು ತೆಳು ಪದರ ಒಂದು ದಪ್ಪ ಪದರಕ್ಕಿಂತ ಗಟ್ಟಿ. ಪ್ರತಿಯೊಂದರಿಂದಲೂ ದ್ರಾವಕ ಪೂರ್ತಿ ಹೊರಹೋಗಲು ಅವಕಾಶವಿರುತ್ತದೆ. ದಪ್ಪಗೆ ಮೆತ್ತಿದ ಬಣ್ಣ ದಿನವಿಡೀ ಒಳಗೆ ಮೆತ್ತಗಿದ್ದು, ಕೊನೆಗೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಅದರ ಮೇಲೆ ಟಾಪ್ ಕೋಟ್, ಅದಕ್ಕೂ ತುದಿ ಮುಚ್ಚುವುದು ಕಡ್ಡಾಯ. ಐಸ್ ನೀರಿನಲ್ಲಿ ಬೆರಳು ಅದ್ದಿದರೆ ಬೇಗ ಒಣಗುತ್ತದೆ ಎನ್ನುತ್ತಾರೆ. ತಣ್ಣಗಾದ ಪೊರೆ ತಾತ್ಕಾಲಿಕವಾಗಿ ಬಿಗಿಯುತ್ತದೆ, ಅಷ್ಟೆ; ದ್ರಾವಕ ಹಾರಲು ತಂಪು ಅಡ್ಡಿಯೇ ಹೊರತು ಸಹಾಯವಲ್ಲ.

ಹಳೆಯ ಸೀಸೆಯ ಬಣ್ಣ ಗಟ್ಟಿಯಾಗಿ ನೂಲೆಳೆಯುವಂತಾದರೆ ನೇಲ್ ಪಾಲಿಶ್ ತಿನ್ನರಿನ ಎರಡು ಮೂರು ಹನಿ ಹಾಕಬಹುದು. ರಿಮೂವರ್ ಹಾಕಿ ತೆಳುಮಾಡುವುದು ಮನೆಮನೆಯ ಉಪಾಯ, ಆದರೆ ಅದರಲ್ಲಿರುವ ಅಸಿಟೋನ್ ಸೂತ್ರದ ಸಮತೋಲ ಕೆಡಿಸುತ್ತದೆ, ಆ ಬಣ್ಣ ಮುಂದೆ ಬಾಳುವುದಿಲ್ಲ. ಸೀಸೆಯ ಕತ್ತಿನ ಕಲೆ ಒರೆಸಿ ಮುಚ್ಚಳ ಬಿಗಿಯುವುದು ಇದಕ್ಕಿಂತ ಅಗ್ಗದ ಉಪಾಯ. ಸೀಸೆಯನ್ನು ಒಲೆಯ ಹತ್ತಿರ ಮಾತ್ರ ಇಡಬಾರದು. ಒಳಗಿನ ದ್ರಾವಕಕ್ಕೂ ನೈಟ್ರೋಸೆಲ್ಯುಲೋಸಿಗೂ ಬೆಂಕಿ ಬೇಗ ಹತ್ತುತ್ತದೆ.

ಬಣ್ಣ ಏಳುವ ಬಗೆ

ಮೂರನೆಯ ದಿನದ ಬಲಗೈ ತೋರುಬೆರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಥೆ ಸ್ಪಷ್ಟವಾಗುತ್ತದೆ. ಮೊದಲು ತುದಿಯ ಅಂಚಿನಲ್ಲಿ ಬಣ್ಣ ಸವೆದು ಬಿಳಿಯ ಗೆರೆ ಮೂಡಿರುತ್ತದೆ. ಅದು ಟೈಪ್ ಮಾಡುವಾಗ, ತೆಂಗಿನಕಾಯಿ ತುರಿಯುವಾಗ, ಫೋನಿನ ಗಾಜನ್ನು ತಟ್ಟುವಾಗ ಆದ ಸವೆತ. ಆ ಗೆರೆಯಿಂದ ಒಳಮುಖವಾಗಿ, ಬಣ್ಣದ ಅಡಿಯಲ್ಲಿ, ಮಂಜು ಕವಿದಂಥ ಮಾಸಲು ಪಟ್ಟಿಯಿರುತ್ತದೆ. ನೀರು ನುಗ್ಗಿ ಅಂಟು ಬಿಟ್ಟ ಜಾಗ ಅದು. ಹೊರಗಿನಿಂದ ಬಣ್ಣ ಇನ್ನೂ ಸರಿಯಾಗಿಯೇ ಕಾಣುತ್ತದೆ. ಬೆಳ್ಳುಳ್ಳಿ ಸುಲಿಯಲು ಉಗುರು ಊರಿದ ಕೂಡಲೇ ಆ ಭಾಗ ತ್ರಿಕೋನಾಕಾರದ ಚಕ್ಕೆಯಾಗಿ ಹಾರುತ್ತದೆ. ನಾವು ಬೈಯುವುದು ಬೆಳ್ಳುಳ್ಳಿಯನ್ನು. ಕೆಲಸ ಮುಗಿದಿದ್ದು ಹಿಂದಿನ ರಾತ್ರಿ, ಸಿಂಕಿನ ಮುಂದೆ.

ಏಳುವ ರೀತಿ ನೋಡಿ ಕಾರಣ ಹೇಳಬಹುದು. ತುದಿಯಿಂದ ಚಕ್ಕೆ ಏಳುತ್ತಿದ್ದರೆ ನೀರು ಮತ್ತು ಬಳಕೆ. ಬುಡದಿಂದ ಅಥವಾ ಮಗ್ಗುಲಿನಿಂದ ಸಿಪ್ಪೆಯಂತೆ ಏಳುತ್ತಿದ್ದರೆ ಬಣ್ಣ ಚರ್ಮದ ಮೇಲೆ ಹರಿದಿದೆ, ಇಲ್ಲವೇ ಜಿಡ್ಡು ಉಳಿದಿದೆ. ಇಡೀ ಉಗುರಿನ ಬಣ್ಣ ಒಂದೇ ತುಂಡಾಗಿ ಕಳಚಿದರೆ ಬೇಸ್ ಕೋಟ್ ಇಲ್ಲ ಅಥವಾ ಉಗುರು ಒದ್ದೆಯಿತ್ತು. ಚಕ್ಕೆಯ ಹಿಂಭಾಗಕ್ಕೆ ಉಗುರಿನ ತೆಳು ಪದರವೇ ಅಂಟಿಕೊಂಡು ಬಂದಿದ್ದರೆ ತಪ್ಪು ಬಣ್ಣದ್ದಲ್ಲ. ನೆನೆದು ಆರಿ, ನೆನೆದು ಆರಿ ಉಗುರೇ ಪದರ ಪದರವಾಗಿ ಬಿಡುತ್ತಿದೆ. ಇಂಥ ಉಗುರನ್ನು ಚಿಕ್ಕದಾಗಿ ಕತ್ತರಿಸಿ, ಕೆಲವು ತಿಂಗಳು ನೀರಿನಿಂದ ಕಾಪಾಡಿ, ಹೊಸದು ಬೆಳೆಯುವವರೆಗೆ ಕಾಯಬೇಕು. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಸುಮಾರು ಆರು ತಿಂಗಳು. ಉಗುರು ಗಟ್ಟಿ ಮಾಡುತ್ತದೆಂದು ಮಾರುವ ಫಾರ್ಮಾಲ್ಡಿಹೈಡ್ ದ್ರಾವಣಗಳು ಕೆರಾಟಿನ್ ಎಳೆಗಳನ್ನು ಬಿಗಿದು ಮೊದಮೊದಲು ಗಡುಸು ತರುತ್ತವೆ. ಬಳಸುತ್ತಲೇ ಹೋದರೆ ಉಗುರು ಬಾಗುವುದನ್ನು ಮರೆತು ಒಡೆಯುತ್ತದೆ.

ಹಚ್ಚಿದ ಮೇಲಿನ ದಿನಗಳಲ್ಲಿ ಎಣ್ಣೆಯ ಪಾತ್ರ ತಿರುಗುಮುರುಗಾಗುತ್ತದೆ. ರಾತ್ರಿ ಮಲಗುವ ಮುನ್ನ ಉಗುರಿನ ಸುತ್ತ ಮತ್ತು ತುದಿಯ ಅಡಿಗೆ ಒಂದು ಹನಿ ಎಣ್ಣೆ ಸವರಿದರೆ ನೀರಿನ ಒಳಹರಿವು ತಗ್ಗಿ, ಉಗುರು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಇದಕ್ಕೆಂದೇ ಹೊಹೊಬಾ ಎಣ್ಣೆಯ ಸೀಸೆಗಳು ಸಿಗುತ್ತವೆ. ಮನೆಯ ಕೊಬ್ಬರಿ ಎಣ್ಣೆಯೂ ಆಗುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಜಿಡ್ಡು ಒರೆಸಿ, ಟಾಪ್ ಕೋಟಿನ ಇನ್ನೊಂದು ತೆಳು ಪದರ ಹಾಕಿ ತುದಿ ಮುಚ್ಚುವುದು ಬಾಳಿಕೆ ಹೆಚ್ಚಿಸುವ ಅತಿ ಸುಲಭದ ದಾರಿ. ಪಾತ್ರೆಗೆ ರಬ್ಬರ್ ಗ್ಲೌಸ್ ಎಂದು ಎಲ್ಲ ಸಲಹೆಗಾರರೂ ಹೇಳುತ್ತಾರೆ, ಯಾರೂ ಹಾಕಿಕೊಳ್ಳುವುದಿಲ್ಲ. ಕೈಯಲ್ಲಿ ಕಲಸಿ ಉಣ್ಣುವ ನಮ್ಮವರಿಗೆ ಇನ್ನೊಂದು ತೊಡಕಿದೆ: ಬಿಳಿ, ತಿಳಿ ಗುಲಾಬಿ ಬಣ್ಣಗಳು ಸಾರಿನ ಅರಿಶಿನ ಹೀರಿ ಹಳದಿಗೆ ತಿರುಗುತ್ತವೆ. ಚಕ್ಕೆ ಎದ್ದರೂ ಕಣ್ಣಿಗೆ ಬೀಳಬಾರದೆನ್ನುವವರಿಗೆ ಮೈಬಣ್ಣಕ್ಕೆ ಹತ್ತಿರವಾದ, ಅಭ್ರಕದ ಮಿನುಗಿರುವ ಬಣ್ಣಗಳು ಒಳ್ಳೆಯವು. ಗಾಢ ಕೆಂಪು, ಕಪ್ಪು ಬಣ್ಣಗಳಲ್ಲಿ ಸಾಸಿವೆಯಷ್ಟು ಚಕ್ಕೆ ಹೋದರೂ ಬಸ್ಸಿನ ಎದುರು ಸೀಟಿನವರಿಗೆ ಕಾಣುತ್ತದೆ.

ಜೆಲ್ ಎಂಬ ಇನ್ನೊಂದು ದಾರಿ

2010ರಲ್ಲಿ ಅಮೆರಿಕದ ಸಿಎನ್‌ಡಿ ಕಂಪನಿ ಶೆಲ್ಯಾಕ್ ಎಂಬ ಹೆಸರಿನ ಜೆಲ್ ಬಣ್ಣ ತಂದ ಮೇಲೆ ಬಾಳಿಕೆಯ ಅಳತೆಗೋಲೇ ಬದಲಾಯಿತು. ಹೆಸರು ಅರಗಿನದು, ಒಳಗಿರುವುದು ಅಕ್ರಿಲೇಟ್ ಬಗೆಯ ರಾಸಾಯನಿಕ. ಸಾಮಾನ್ಯ ಬಣ್ಣ ದ್ರಾವಕ ಹಾರಿ ಒಣಗಿದರೆ, ಇದು ಅತಿನೇರಳೆ ದೀಪದ ಬೆಳಕಿಗೆ ಅಣು ಅಣು ಹೆಣೆದುಕೊಂಡು ಗಟ್ಟಿಯಾಗುತ್ತದೆ. ದೀಪದಿಂದ ಕೈ ತೆಗೆದ ಕೂಡಲೇ ಕೆಲಸಕ್ಕೆ ಹೋಗಬಹುದು, ಎರಡು ವಾರ ಚಿಂತೆಯಿಲ್ಲ. ಬೆಲೆ ತೆರುವುದು ಆಮೇಲೆ. ಗಟ್ಟಿಯಾಗದೆ ಉಳಿದ ಅಕ್ರಿಲೇಟ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಜೀವನವಿಡೀ ಇರುತ್ತದೆ, ಹಲ್ಲಿಗೆ ತುಂಬುವ ಅದೇ ಜಾತಿಯ ವಸ್ತುಗಳಿಗೂ ತೊಂದರೆ ಕೊಡಬಲ್ಲದು. ಮನೆಯಲ್ಲೇ ಅಗ್ಗದ ದೀಪ ತಂದು ಹಚ್ಚಿಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಜೆಲ್‌ಗಳಲ್ಲಿ ಬೆಳಕಿಗೆ ಸ್ಪಂದಿಸಲು ಬಳಸುತ್ತಿದ್ದ ಟಿಪಿಒ ಎಂಬ ವಸ್ತುವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ದೀಪವಿಲ್ಲದೆ, ಬಣ್ಣ ಮತ್ತು ವಿಶೇಷ ಟಾಪ್ ಕೋಟ್ ಜೋಡಿಯಾಗಿ ಬರುವ ‘ಜೆಲ್‌ನಂಥ’ ಬಣ್ಣಗಳು ನಡುದಾರಿ. ಅವು ಮಾಮೂಲಿ ರಿಮೂವರಿಗೇ ಬಿಡುತ್ತವೆ.

ತೆಗೆಯುವುದು

ಹೇಗೆ ತೆಗೆದಿರಿ ಎಂಬುದರ ಮೇಲೆ ಮುಂದಿನ ಬಣ್ಣದ ಬಾಳಿಕೆ ನಿಂತಿದೆ. ಬೇಸರಕ್ಕೆ, ಮೀಟಿಂಗಿನಲ್ಲಿ ಕೂತಾಗ, ಎದ್ದ ಚಕ್ಕೆಯನ್ನು ಇನ್ನೊಂದು ಉಗುರಿನಿಂದ ಎಬ್ಬಿಸುವ ಚಟ ಅನೇಕರಿಗಿದೆ. ಬಣ್ಣದೊಂದಿಗೆ ಉಗುರಿನ ಮೇಲ್ಪದರವೂ ಹೋಗಿ, ಮುಂದಿನ ಸಲ ಅದೇ ಜಾಗದಲ್ಲಿ ಬಣ್ಣ ಮೊದಲು ಏಳುತ್ತದೆ. ರಿಮೂವರ್ ಅದ್ದಿದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು, ಬುಡದಿಂದ ತುದಿಗೆ ಒಂದೇ ಸಲ ಎಳೆದರೆ ಸಾಕು. ಮಿನುಗು ಚೂರುಗಳಿರುವ ಗ್ಲಿಟರ್ ಬಣ್ಣಕ್ಕೂ ಜೆಲ್‌ಗೂ ಹತ್ತಿ ಇಟ್ಟು ಅಲ್ಯೂಮಿನಿಯಂ ಹಾಳೆ ಸುತ್ತಿ ಕೆಲವು ನಿಮಿಷ ಕಾಯಬೇಕಾಗುತ್ತದೆ.

ನಡುನಡುವೆ ಬಣ್ಣ ಬಿಟ್ಟು ಉಗುರಿಗೆ ಉಸಿರಾಡಲು ಬಿಡಬೇಕೆಂಬ ಮಾತು ಜನಪ್ರಿಯ. ಉಗುರಿನ ಹಾಳೆ ಸತ್ತದ್ದು, ಉಸಿರಾಡುವುದಿಲ್ಲ. ಅದನ್ನು ಬೆಳೆಸುವ ಬುಡಕ್ಕೆ ಬೇಕಾದದ್ದು ರಕ್ತದಿಂದ ಬರುತ್ತದೆ. ಆದರೂ ಬಿಡುವು ಒಳ್ಳೆಯದೇ. ವಾರಗಟ್ಟಲೆ ಒಂದರ ಮೇಲೊಂದು ಹಚ್ಚುತ್ತಾ ಹೋದವರಲ್ಲಿ, ಅದರಲ್ಲೂ ಕಾಲಿನ ಉಗುರಿನ ಮೇಲೆ, ಸೀಮೆಸುಣ್ಣ ಉದುರಿಸಿದಂಥ ಬಿಳಿಯ ಒರಟು ಮಚ್ಚೆಗಳು ಕಾಣುತ್ತವೆ. ಮೇಲ್ಪದರದ ಕೋಶಗಳು ಬಣ್ಣದೊಂದಿಗೆ ಕಿತ್ತುಬಂದ ಗುರುತು ಅವು. ಬೇಸ್ ಕೋಟಿಲ್ಲದೆ ಗಾಢ ಕೆಂಪು ಹಚ್ಚಿದರೆ ಉಳಿಯುವ ಹಳದಿ ಕಲೆ ಬೇರೆ, ಅದು ಬಣ್ಣ ಉಗುರಿಗೆ ಇಳಿದದ್ದು, ಬೆಳೆದೇ ಹೋಗಬೇಕು. ಬಣ್ಣದ ರಾಳಕ್ಕೆ ಅಲರ್ಜಿಯಿರುವವರಲ್ಲಿ ತುರಿಕೆ ಬೆರಳಿಗಿಂತ ಹೆಚ್ಚಾಗಿ ಕಣ್ಣಿನ ರೆಪ್ಪೆಯಲ್ಲಿ, ಕುತ್ತಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಉಗುರು ಹೋಗಿ ತಾಗುವ ತೆಳು ಚರ್ಮ ಅಲ್ಲಿದೆ. ಎಷ್ಟೋ ಜನ ಕಾಡಿಗೆ ಬದಲಾಯಿಸುತ್ತಾ ತಿಂಗಳು ಕಳೆಯುತ್ತಾರೆ.

ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಗಳಲ್ಲಿ ಉಗುರು ಬಣ್ಣ ತೆಗೆಸುತ್ತಾರೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಉಗುರಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವುದರಿಂದ ಕಪ್ಪು, ನೀಲಿ, ಹಸಿರಿನಂಥ ಬಣ್ಣಗಳು ಅಂಕಿಯನ್ನು ತುಸು ಏರುಪೇರು ಮಾಡಬಹುದು. ಉಗುರಿನ ಸಹಜ ಬಣ್ಣವನ್ನು ವೈದ್ಯರು ಕಣ್ಣಿಂದಲೂ ನೋಡಬೇಕಿರುತ್ತದೆ. ಜೆಲ್ ಹಚ್ಚಿಕೊಂಡವರು ಇಂಥ ಸಂದರ್ಭವಿದೆಯೆಂದು ಮೊದಲೇ ಗೊತ್ತಿದ್ದರೆ ಒಂದೆರಡು ಬೆರಳನ್ನಾದರೂ ಖಾಲಿ ಬಿಡುವುದು ಲೇಸು. ವಾರ್ಡಿನಲ್ಲಿ ಹತ್ತಿ ಸಿಗುತ್ತದೆ, ಸ್ಪಿರಿಟ್ ಸಿಗುತ್ತದೆ, ಅಸಿಟೋನ್ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ.